ತಟ್ಟೆಯಿಂದ ತೆಗೆದದ್ದು, ತಟ್ಟೆಗೆ ಮರಳಿದ್ದು

ಕಂತು 1/10: ಪಾಯಸದ ಪ್ರಶ್ನೆ

ಹೋದ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅಮ್ಮ ಶ್ಯಾವಿಗೆ ಪಾಯಸ ಮಾಡಿದ್ರು. ನಾನು ಬೇಡ ಅಂದೆ.

ಅವತ್ತು ನನ್ನ 30 ದಿನದ ಚಾಲೆಂಜಿನ 26ನೇ ದಿನ. ಗೋಧಿ ಇಲ್ಲ, ಹಾಲಿಲ್ಲ, ಸಕ್ಕರೆ ಇಲ್ಲ, ಬೇಳೆ ಇಲ್ಲ. ಹಾಸ್ಟೆಲ್ ಸೇರಿದ ಮೇಲೆ ಹೊಟ್ಟೆ ಉಬ್ಬರ ಶುರುವಾಗಿತ್ತು. ಊಟ ಆದ ಅರ್ಧ ಗಂಟೆಗೆ ಒಳಗೆ ಗುಡುಗುಡು, ಬೆಳಗ್ಗೆ ಮೊದಲ ಕ್ಲಾಸಲ್ಲಿ ನೆಟ್ಟಗೆ ಕೂರೋಕಾಗ್ತಿರಲಿಲ್ಲ. ಫೋನಲ್ಲಿ ಯಾರೋ 'ಹೊಟ್ಟೆಯನ್ನು ರೀಸೆಟ್ ಮಾಡಿ' ಅಂದ್ರು. ಮಾಡಿದೆ. ಸುಳ್ಳು ಹೇಳಲ್ಲ, ಎರಡನೇ ವಾರಕ್ಕೆ ಹೊಟ್ಟೆ ತಣ್ಣಗಾಯ್ತು. ಅಲ್ಲಿಂದ ನಾನು ಮೆಸ್ಸಲ್ಲಿ ಚಪಾತಿ ತಿನ್ನೋರನ್ನೆಲ್ಲ ಕರುಣೆಯಿಂದ ನೋಡೋಕೆ ಶುರು ಮಾಡಿದೆ. ಮೆಸ್ಸಿನ ಭಟ್ಟರಿಗೆ "ಗೋಧಿ ವಿಷ ಕಣ್ರೀ" ಅಂತ ಪಾಠ ಬೇರೆ.

ಪಾಯಸ ಬೇಡ ಅಂದಾಗ ಅಮ್ಮ ಏನೂ ಅನ್ನಲಿಲ್ಲ. ಬಡಿಸೋ ಸೌಟನ್ನು ಹಾಗೇ ಪಾತ್ರೆಗೆ ಬಿಟ್ರು, ಅಷ್ಟೇ. ರಾತ್ರಿ ನನಗೇ ತಡೀಲಿಲ್ಲ. ಎದ್ದು ಹೋಗಿ ಎರಡು ಬಟ್ಟಲು ಕುಡಿದೆ. ಬೆಳಗ್ಗೆ ಹೊಟ್ಟೆ ಕೆಟ್ಟಿತ್ತು.

"ನೋಡಿದ್ರಾ, ಗೋಧಿನೇ ಕಾರಣ" ಅಂತ ಮನೆಗೆಲ್ಲ ಕೇಳೋ ಹಾಗೆ ಘೋಷಿಸಿದೆ.

ಪಿಯುಸಿ ಓದ್ತಿರೋ ತಂಗಿ ತಲೆ ಎತ್ತದೇ ಕೇಳಿದಳು: "ಅಣ್ಣ, ಪಾಯಸದಲ್ಲಿ ಹಾಲೂ ಇತ್ತು, ಸಕ್ಕರೆನೂ ಇತ್ತು. ಗೋಧಿ ಅಂತ ಹೇಗೆ ಗೊತ್ತಾಯ್ತು?"

ಉತ್ತರ ಇರಲಿಲ್ಲ. ಓದೋದು ಇತಿಹಾಸ, ಹಾಗಾಗಿ ಉತ್ತರ ಹುಡುಕಿದ್ದೂ ಅಲ್ಲೇ. 'ಎಲಿಮಿನೇಷನ್ ಡಯಟ್' ಅಂತ ನಾವು ಕರೆಯೋ ಈ ಬಿಟ್ಟು ನೋಡೋ ಪಥ್ಯ ಎಲ್ಲಿಂದ ಬಂತು? ಮುಂದಿನ ಒಂಬತ್ತು ಕಂತು ಆ ಕತೆ. ಅದರಲ್ಲಿ ಸಾಯ್ತಿದ್ದ ಮಕ್ಕಳಿದ್ದಾರೆ, ಒಂದು ಯುದ್ಧ ಇದೆ, ಬಾಳೆಹಣ್ಣೂ ಇದೆ.

ಕಂತು 2/10: ಕಪ್ಪೆಚಿಪ್ಪು ತಿಂದ ಮಗು

1888. ಲಂಡನ್. ಸ್ಯಾಮ್ಯುಯೆಲ್ ಗೀ ಅನ್ನೋ ವೈದ್ಯರು ಒಂದು ಕಾಯಿಲೆ ಬಗ್ಗೆ ಪುಟ್ಟ ಲೇಖನ ಪ್ರಕಟಿಸ್ತಾರೆ. ಹೆಚ್ಚಾಗಿ ಒಂದರಿಂದ ಐದು ವರ್ಷದ ಮಕ್ಕಳಿಗೆ ಬರೋ ಕಾಯಿಲೆ. ಹೊಟ್ಟೆ ಊದಿಕೊಳ್ಳುತ್ತೆ, ಕೈಕಾಲು ಕಡ್ಡಿಯಾಗುತ್ತೆ, ಮಲ ಬಿಳಿಚಿಕೊಂಡು ಸಡಿಲವಾಗಿ ದುರ್ವಾಸನೆ ಬರುತ್ತೆ. ಮಗು ತಿಂದದ್ದು ಮೈಗೆ ಹತ್ತಲ್ಲ. ಎಷ್ಟೋ ಮಕ್ಕಳು ಉಳಿಯುತ್ತಲೇ ಇರಲಿಲ್ಲ. ಪ್ರಾಚೀನ ಕಾಲದಲ್ಲೇ ಅರೆಟಿಯಸ್ ಅನ್ನೋ ಗ್ರೀಕ್ ವೈದ್ಯ ಇಂಥ ರೋಗಿಗಳಿಗೆ 'ಹೊಟ್ಟೆಯವರು' ಅನ್ನೋ ಅರ್ಥದ ಹೆಸರಿಟ್ಟಿದ್ದ. ಆ ಗ್ರೀಕ್ ಪದವೇ ಇವತ್ತಿನ 'ಸೀಲಿಯಾಕ್'.

ಗೀ ಒಂದು ಮಾತನ್ನು ಖಚಿತವಾಗಿ ಹೇಳಿದ್ರು: ಇದು ವಾಸಿಯಾಗೋದೇ ಆದ್ರೆ ಪಥ್ಯದಿಂದಲೇ. ಆದರೆ ಯಾವ ಪಥ್ಯ? ಅಲ್ಲಿಂದ ಶುರುವಾಗಿದ್ದು ಕತ್ತಲಲ್ಲಿ ತಡಕಾಟ. ಹಿಟ್ಟಿನ ಪದಾರ್ಥ ಕಡಿಮೆ ಮಾಡಿ ಅಂದ್ರು. ಅದೇ ಉಸಿರಲ್ಲಿ, ತೆಳ್ಳಗೆ ಕತ್ತರಿಸಿ ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್ ಕೊಡಬಹುದು ಅಂತಲೂ ಅಂದ್ರು.

ಅವರು ಬರೆದ ಒಂದು ಮಗುವಿನ ಕತೆ ನನಗೆ ಮರೆಯೋಕಾಗಿಲ್ಲ. ಆ ಮಗುವಿಗೆ ದಿನಕ್ಕೆ ಒಂದು ಲೀಟರ್ ಅಳತೆಗೂ ಹೆಚ್ಚು ಹಾಲೆಂಡಿನ ಕಪ್ಪೆಚಿಪ್ಪು ತಿನ್ನಿಸಿದ್ರು (ಮಂಗಳೂರು ಕಡೆ ಪಚ್ಚಿಲೆ ಅಂತಾರಲ್ಲ, ಅದರ ಜಾತಿ). ಮಗು ಚಿಗುರಿತು! ಕಪ್ಪೆಚಿಪ್ಪಿನ ಕಾಲ ಮುಗೀತು, ಕಾಯಿಲೆ ಮರಳಿ ಬಂತು. ಮುಂದಿನ ವರ್ಷ ಕಾಲ ಬಂದಾಗ ಮಗು ಅದನ್ನು ಬಾಯಿಗೆ ಹಾಕೋಕೇ ಒಪ್ಪಲಿಲ್ಲ.

ಯೋಚನೆ ಮಾಡಿ. ಮಗು ಚೇತರಿಸಿಕೊಂಡದ್ದು ಕಪ್ಪೆಚಿಪ್ಪಲ್ಲಿ ಏನೋ ಇದ್ದಿದ್ದಕ್ಕಾ? ಅಥವಾ ಅಷ್ಟು ಕಪ್ಪೆಚಿಪ್ಪು ತುಂಬಿದ ಹೊಟ್ಟೇಲಿ ಬೇರೆ ಯಾವುದಕ್ಕೋ ಜಾಗ ಇಲ್ಲದ್ದಕ್ಕಾ? ತಿಂದದ್ದು ಕಣ್ಣಿಗೆ ಕಾಣುತ್ತೆ. ತಿನ್ನದೇ ಬಿಟ್ಟದ್ದು ಕಾಣಲ್ಲ. ಮುಂದಿನ 60 ವರ್ಷ ವೈದ್ಯರು ಎಡವಿದ್ದು ಇಲ್ಲೇ.

ಕಂತು 3/10: ಬಾಳೆಹಣ್ಣಿಗೆ ಸಿಕ್ಕ ಹಾರ

1924. ನ್ಯೂಯಾರ್ಕ್. ಸಿಡ್ನಿ ಹಾಸ್ ಅನ್ನೋ ಮಕ್ಕಳ ವೈದ್ಯರು ಇದೇ ಕಾಯಿಲೆಗೆ ಹೊಸ ಪಥ್ಯ ಪ್ರಕಟಿಸ್ತಾರೆ. ಬಾಳೆಹಣ್ಣು! ಹಾಲು, ಮಾಂಸದ ಜೊತೆ ದಿನಕ್ಕೆ ಹಲವು ಬಾಳೆಹಣ್ಣು. ಬ್ರೆಡ್, ಬಿಸ್ಕತ್ತು, ಆಲೂಗಡ್ಡೆ, ಎಲ್ಲ ಧಾನ್ಯ ಬಂದ್.

ಮಕ್ಕಳು ಬದುಕಿದ್ರು. ಇದನ್ನು ಹಗುರವಾಗಿ ತಗೋಬೇಡಿ. ಅಲ್ಲಿಯವರೆಗೆ ಮಣ್ಣು ಮಾಡಬೇಕಾಗಿದ್ದ ಮಕ್ಕಳು ಎದ್ದು ಓಡಾಡಿದ್ರು. ಬಾಳೆಹಣ್ಣಿನ ಪಥ್ಯ ಹಲವು ದಶಕ ಈ ಕಾಯಿಲೆಗೆ ಮುಖ್ಯ ಚಿಕಿತ್ಸೆ ಆಯ್ತು.

ಆದರೆ ಹಾರ ಹಾಕಿದ್ದು ಯಾರಿಗೆ? ಬಾಳೆಹಣ್ಣಿಗೆ. ಅದರಲ್ಲಿ ಏನೋ ವಿಶೇಷ ಶಕ್ತಿ ಇದೆ ಅಂತ ನಂಬಿದ್ರು. ನಿಜವಾಗಿ ಕೆಲಸ ಮಾಡಿದ್ದು ತಟ್ಟೆಯಿಂದ ಎದ್ದು ಹೋದ ಬ್ರೆಡ್. ಬ್ರೆಡ್ಡಿನ ಜೊತೆ ಪಾಪ ಆಲೂಗಡ್ಡೆ, ಅಕ್ಕಿ, ಜೋಳ ಎಲ್ಲವೂ ಜೈಲಿಗೆ ಹೋಗಿದ್ವು. ಹತ್ತು ಜನರನ್ನು ಒಟ್ಟಿಗೆ ಒಳಗೆ ಹಾಕಿದ ಮೇಲೆ ಊರಲ್ಲಿ ಕಳ್ಳತನ ನಿಂತ್ರೆ, ಕಳ್ಳ ಯಾರು ಅಂತ ಹೇಗೆ ಹೇಳ್ತೀರಿ?

ಈ ತಪ್ಪಿಗೆ ಬೆಲೆ ಕಟ್ಟಿದವರೂ ಮಕ್ಕಳೇ. ಸ್ವಲ್ಪ ಕಾಲ ಪಥ್ಯ ಮಾಡಿದ್ರೆ ಕಾಯಿಲೆ ಪೂರ್ತಿ ಗುಣವಾಗುತ್ತೆ, ಆಮೇಲೆ ಎಲ್ಲ ತಿನ್ನಬಹುದು ಅಂತ ಹಾಸ್ ನಂಬಿದ್ರು. ಮಕ್ಕಳು ಮನೆಗೆ ಹೋಗಿ ಮತ್ತೆ ಬ್ರೆಡ್ ತಿಂದ್ರು. ಒಳಗಿನ ಹಾನಿ ಸದ್ದಿಲ್ಲದೆ ಮತ್ತೆ ಶುರುವಾಯ್ತು. ಮುಂದೆ ನಿಜವಾದ ಕಾರಣ ಸಿಕ್ಕಾಗಲೂ ಹಾಸ್ ತಮ್ಮ ಬಾಳೆಹಣ್ಣನ್ನು ಬಿಟ್ಟುಕೊಡಲಿಲ್ಲ.

ನಾನು ನಾಲ್ಕು ಪದಾರ್ಥ ಒಟ್ಟಿಗೆ ಬಿಟ್ಟು "ಗೋಧಿ ವಿಷ" ಅಂದೆನಲ್ಲ, ಅದೂ ಇದೇ ತಪ್ಪು. ಸುಮಾರು ನೂರು ವರ್ಷ ತಡವಾಗಿ ಮಾಡಿದೆ, ಅಷ್ಟೇ.

ಕಂತು 4/10: ಪಥ್ಯವನ್ನು ಪ್ರಶ್ನೆಯಾಗಿಸಿದವರು

ಅದೇ 1920ರ ದಶಕ, ಅಮೆರಿಕದ ಇನ್ನೊಂದು ಅಂಚು. ಕ್ಯಾಲಿಫೋರ್ನಿಯಾದ ಓಕ್ಲೆಂಡ್. ಆಲ್ಬರ್ಟ್ ರೋ ಅನ್ನೋ ಅಲರ್ಜಿ ವೈದ್ಯರ ಹತ್ತಿರ ಉಬ್ಬಸ, ತುರಿಕೆ, ತಲೆನೋವು, ಹೊಟ್ಟೆನೋವು ಅಂತ ಜನ ಬರ್ತಿದ್ರು. ಚರ್ಮಕ್ಕೆ ಚುಚ್ಚಿ ಅಲರ್ಜಿ ಪತ್ತೆ ಮಾಡೋ ಪರೀಕ್ಷೆ ಆಗಲೇ ಇತ್ತು. ಆದರೆ ಊಟದ ವಿಷಯದಲ್ಲಿ ಅದನ್ನೇ ನಂಬಿ ಕೂತ್ರೆ ಮೋಸ ಹೋಗ್ತೀವಿ ಅಂತ ರೋ ಅವರಿಗೆ ಅನ್ನಿಸ್ತು.

ಅವರು ಮಾಡಿದ್ದು ಸರಳ. ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡದ ಕೆಲವೇ ಪದಾರ್ಥಗಳ ಪಟ್ಟಿ ಮಾಡಿದ್ರು. ಅಕ್ಕಿ, ಎಳೆ ಕುರಿಮಾಂಸ, ಪೇರ್ ಹಣ್ಣು, ಒಂದಿಷ್ಟು ತರಕಾರಿ. ಗೋಧಿ, ಹಾಲು, ಮೊಟ್ಟೆ ಇಲ್ಲ. ಸ್ವಲ್ಪ ದಿನ ರೋಗಿ ಅಷ್ಟನ್ನೇ ತಿನ್ನಬೇಕು. ಗುಣ ಕಾಣದಿದ್ರೆ ಇನ್ನೊಂದು ಪಟ್ಟಿ. ಗುಣ ಕಂಡ್ರೆ ಅಸಲಿ ಕೆಲಸ ಆಗ ಶುರು: ಬಿಟ್ಟದ್ದನ್ನು ಒಂದೊಂದಾಗಿ ತಟ್ಟೆಗೆ ವಾಪಸ್ ತರೋದು. 1931ರಲ್ಲಿ ಆಹಾರದ ಅಲರ್ಜಿ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ್ರು. 'ಎಲಿಮಿನೇಷನ್ ಡಯಟ್' ಅನ್ನೋ ಹೆಸರು ಬಳಕೆಗೆ ಬಂದಿದ್ದು ಮುಖ್ಯವಾಗಿ ಅವರಿಂದ.

ನಮ್ಮ ಅಜ್ಜಿಯರ ಪಥ್ಯ ಆಜ್ಞೆ ಥರ: "ಜ್ವರ ಬಂದಿದೆ, ಬದನೆಕಾಯಿ ಮುಟ್ಟಬೇಡ." ರೋ ಅವರ ಪಥ್ಯ ಪ್ರಶ್ನೆ ಥರ: "ನಿನಗೆ ತೊಂದರೆ ಕೊಡ್ತಿರೋದು ಯಾವುದು?" ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯಬೇಕಲ್ವಾ? ಬಿಡೋದು ಪ್ರಶ್ನೆ, ತಿರುಗಿ ತಿನ್ನೋದು ಉತ್ತರ. ರೀಸೆಟ್ ವಿಡಿಯೋಗಳಲ್ಲಿ ಮೊದಲರ್ಧ 28 ದಿನ ಬರುತ್ತೆ, ಎರಡನೇ ಅರ್ಧ ಎರಡು ಸೆಕೆಂಡು.

ಕಂತು 5/10: ಹೇಗ್ ಊರಿನ ಯುವ ವೈದ್ಯ

ಈಗ ಈ ಕತೆಯ ನಾಯಕ. ವಿಲ್ಲೆಮ್ ಕಾರೆಲ್ ಡಿಕ್ಕೆ. ಹುಟ್ಟಿದ್ದು 1905ರಲ್ಲಿ, ನೆದರ್ಲೆಂಡ್ಸಿನಲ್ಲಿ. 1936ರಲ್ಲಿ, ಇನ್ನೂ 31 ವರ್ಷಕ್ಕೇ ದಿ ಹೇಗ್ ಊರಿನ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಮುಖ್ಯಸ್ಥ.

ವಾರ್ಡಲ್ಲಿ ಅದೇ ಮಕ್ಕಳು. ಊದಿದ ಹೊಟ್ಟೆ, ಕಡ್ಡಿ ಕಾಲು. ಒಬ್ಬ ತಾಯಿ ಹೇಳಿದ ಮಾತು ಡಿಕ್ಕೆ ಅವರ ಕಿವಿಗೆ ಬಿತ್ತು ಅಂತಾರೆ: ಬ್ರೆಡ್ ಕೊಡೋದು ನಿಲ್ಲಿಸಿದ್ರೆ ನನ್ನ ಮಗುವಿನ ಮೈಮೇಲಿನ ದದ್ದು ಬೇಗ ಕಡಿಮೆಯಾಗುತ್ತೆ. ದೊಡ್ಡ ಡಾಕ್ಟರ್ ಆಗಿದ್ದೂ ತಾಯಿಯ ಮಾತನ್ನು ತಳ್ಳಿ ಹಾಕಲಿಲ್ಲ. ಅದನ್ನು ಪೂರ್ತಿ ನಂಬಿಬಿಡಲೂ ಇಲ್ಲ. ಪರೀಕ್ಷೆ ಮಾಡೋಣ ಅಂದ್ರು.

1930ರ ದಶಕದ ಮಧ್ಯದಿಂದಲೇ ಗೋಧಿ ಇಲ್ಲದ ಊಟ ಕೊಟ್ಟು ನೋಡೋಕೆ ಶುರು ಮಾಡಿದ್ರು. ಹಾಸ್ ಎಲ್ಲ ಧಾನ್ಯಗಳನ್ನೂ ಒಟ್ಟಿಗೆ ತೆಗೆದಿದ್ರು. ಡಿಕ್ಕೆ ಧಾನ್ಯಗಳನ್ನು ಬೇರೆ ಬೇರೆ ಮಾಡಿ ನೋಡಿದ್ರು. 1941ರಲ್ಲಿ ಡಚ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ್ರು: ಬ್ರೆಡ್ ಮತ್ತು ಬಿಸ್ಕತ್ತು ತೆಗೆದು ಸರಳವಾದ ಊಟ ಕೊಟ್ರೆ ಈ ಮಕ್ಕಳು ಸುಧಾರಿಸ್ತಾರೆ.

ಆಗ ದೇಶ ಹಿಟ್ಲರನ ಸೈನ್ಯದ ಕೈಯಲ್ಲಿತ್ತು. ಡಚ್ ಭಾಷೆಯ ಆ ಲೇಖನ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಈ ತಾರೀಕು ನೆನಪಿಟ್ಟುಕೊಳ್ಳಿ. ಯಾಕಂದ್ರೆ ಮುಂದಿನ ಕಂತಿನ ಘಟನೆಯನ್ನು ಎಲ್ಲರೂ 'ಆಕಸ್ಮಿಕ ಸಂಶೋಧನೆ' ಅಂತ ಹೇಳ್ತಾರೆ. ಅದು ಆಕಸ್ಮಿಕ ಅಲ್ಲ. ಆ ಮನುಷ್ಯ ಆಗಲೇ ವರ್ಷಗಳಿಂದ ಅದೇ ಪ್ರಶ್ನೆ ಹಿಡಿದು ಕೂತಿದ್ದ.

ಕಂತು 6/10: ಹಸಿವಿನ ಚಳಿಗಾಲ

1944ರ ಸೆಪ್ಟೆಂಬರ್. ಲಂಡನ್ನಲ್ಲಿದ್ದ ಡಚ್ ಸರ್ಕಾರದ ಕರೆಗೆ ಓಗೊಟ್ಟು ನೆದರ್ಲೆಂಡ್ಸಿನ ರೈಲ್ವೆ ನೌಕರರು ಮುಷ್ಕರ ಹೂಡಿದ್ರು. ಸೇಡಿಗೆ ಜರ್ಮನ್ನರು ದೇಶದ ಪಶ್ಚಿಮ ಭಾಗಕ್ಕೆ ಆಹಾರ ಸಾಗಣೆ ತಡೆದ್ರು. ಆಮೇಲೆ ತಡೆ ಸಡಿಲವಾದ್ರೂ ಕಾಲುವೆಗಳು ಹೆಪ್ಪುಗಟ್ಟಿದ್ದವು, ದೋಣಿ ಚಲಿಸಲಿಲ್ಲ.

ಆಮ್‌ಸ್ಟರ್‌ಡ್ಯಾಂ, ದಿ ಹೇಗ್, ರಾಟರ್‌ಡ್ಯಾಂ ಹಸಿವಿನಲ್ಲಿ ಒದ್ದಾಡಿದ್ವು. ನವೆಂಬರಿಗೆ ದಿನದ ರೇಷನ್ 1,000 ಕ್ಯಾಲೊರಿಗಿಂತ ಕೆಳಗೆ. 1945ರ ಆರಂಭದಲ್ಲಿ 600ರ ಆಸುಪಾಸು. ಜನ ಸಕ್ಕರೆ ಬೀಟು ಬೇಯಿಸಿ ತಿಂದ್ರು, ಟುಲಿಪ್ ಹೂವಿನ ಗಡ್ಡೆ ತಿಂದ್ರು, ಬಾಗಿಲು ಮೆಟ್ಟಿಲು ಕಿತ್ತು ಒಲೆಗೆ ಹಾಕಿದ್ರು. ಸುಮಾರು 20,000 ಜನ ಸತ್ತರು. ಡಚ್ಚರು ಅದನ್ನು ಹಸಿವಿನ ಚಳಿಗಾಲ ಅಂತಾರೆ.

ಆ ನರಕದಲ್ಲಿ ಒಂದು ವಿಚಿತ್ರ. ಬ್ರೆಡ್ ಸಿಗದ ಆ ತಿಂಗಳುಗಳಲ್ಲಿ ಸೀಲಿಯಾಕ್ ಮಕ್ಕಳ ಹೊಟ್ಟೆ ಹದಕ್ಕೆ ಬಂತು. ಆರೋಗ್ಯವಂತ ಮಕ್ಕಳು ಬಡವಾಗ್ತಿದ್ದಾಗ ಇವರು ಸುಧಾರಿಸ್ತಿದ್ರು. ಆಮೇಲೆ ಸ್ವೀಡನ್ನಿಂದ ಬಂದ ಹಿಟ್ಟಿನಲ್ಲಿ ಬಿಳಿ ಬ್ರೆಡ್ ಆಯ್ತು. ಏಪ್ರಿಲ್ ಕೊನೆಯಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಆಹಾರದ ಮೂಟೆ ಸುರಿಸಿದ್ವು. ಊರೆಲ್ಲ ಬೀದಿಗೆ ಬಂದು ಅತ್ತಿತು. ಬ್ರೆಡ್ ಮರಳಿ ಬಂತು, ಈ ಮಕ್ಕಳ ಕಾಯಿಲೆಯೂ ಮರಳಿ ಬಂತು.

ಇದನ್ನು ಓದೋವಾಗ ನನಗೆ ನಾಚಿಕೆಯಾಯ್ತು. ಅವರಿಗೆ ಊಟವೇ ಇಲ್ಲದ ಚಳಿಗಾಲ, ನನಗೆ ಪಾಯಸ ಬೇಡ ಅನ್ನೋ ಸೌಭಾಗ್ಯ. ಹಸಿವು ಯಾವತ್ತೂ ಡಯಟ್ ಅಲ್ಲ. ಆದರೆ ಮೊದಲೇ ಪ್ರಶ್ನೆ ಇಟ್ಟುಕೊಂಡಿದ್ದ ಒಬ್ಬ ವೈದ್ಯನಿಗೆ ಆ ಕ್ರೂರ ಚಳಿಗಾಲ ಒಂದು ಸುಳಿವನ್ನು ಗಟ್ಟಿ ಮಾಡಿಕೊಟ್ಟಿತು.

ಕಂತು 7/10: ತಕ್ಕಡಿ ಹೇಳಿದ ಸತ್ಯ

ಡಿಕ್ಕೆ ಇಲ್ಲಿಗೇ ನಿಲ್ಲಿಸಿ "ಗೋಧಿ ವಿಷ" ಅಂತ ಭಾಷಣ ಮಾಡಬಹುದಿತ್ತು. ಮಾಡಲಿಲ್ಲ. ಯುದ್ಧದಲ್ಲಿ ಬ್ರೆಡ್ ಮಾತ್ರ ಹೋಗಿರಲಿಲ್ಲ, ಎಲ್ಲವೂ ಹೋಗಿತ್ತು. ಹಸಿವಿನ ಚಳಿಗಾಲವೂ ಬಾಳೆಹಣ್ಣಿನ ಪಥ್ಯದಂತೆಯೇ ಹತ್ತು ಜನರನ್ನು ಒಟ್ಟಿಗೆ ಜೈಲಿಗೆ ಹಾಕಿತ್ತು.

ಹಾಗಾಗಿ ಆಸ್ಪತ್ರೆಯಲ್ಲಿ ಶಿಸ್ತಿನ ಪ್ರಯೋಗ. ಕೆಲವೇ ಮಕ್ಕಳು, ಆದರೆ ದೀರ್ಘಕಾಲ. ಗೋಧಿ ಇಲ್ಲದ ಊಟ, ಆಮೇಲೆ ಗೋಧಿ ಇರೋ ಊಟ, ಮತ್ತೆ ಇಲ್ಲದ ಊಟ. ತೂಕ, ಎತ್ತರ, ಮಲ, ಹಸಿವು ಎಲ್ಲ ಬರೆದಿಟ್ಟರು. ಗೋಧಿ ಬಂದಾಗ ತೂಕದ ಗೆರೆ ಕೆಳಗೆ, ಹೋದಾಗ ಮೇಲೆ. ಅಕ್ಕಿ, ಜೋಳ ಕೊಟ್ಟಾಗ ಏನೂ ಆಗಲಿಲ್ಲ. ರೈ ಧಾನ್ಯ ಕೊಟ್ಟಾಗ ತೊಂದರೆ. 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಇದನ್ನೇ ಪ್ರಬಂಧವಾಗಿ ಸಲ್ಲಿಸಿದ್ರು.

ವೈಯರ್ಸ್ ಅನ್ನೋ ಮಕ್ಕಳ ವೈದ್ಯ, ವಾನ್ ಡೆ ಕಾಮರ್ ಅನ್ನೋ ರಸಾಯನ ವಿಜ್ಞಾನಿ ಜೊತೆಯಾದ್ರು. ಮಲದಲ್ಲಿ ಎಷ್ಟು ಕೊಬ್ಬು ಜೀರ್ಣವಾಗದೆ ಹೊರಹೋಗ್ತಿದೆ ಅಂತ ಅಳೆಯೋ ವಿಧಾನ ಅವರ ಕೈಲಿತ್ತು. ಗೋಧಿಯನ್ನೇ ಬಿಡಿಸಿ ನೋಡಿದ್ರು. ಗೋಧಿಯ ಪಿಷ್ಟ ನಿರಪರಾಧಿ. ಹಿಟ್ಟು ನಾದಿದಾಗ ಜಿಗುಟು ಕೊಡೋ ಪ್ರೋಟೀನ್, ಗ್ಲುಟೆನ್, ಅದೇ ಅಪರಾಧಿ. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ತಂಡವೂ ಇದನ್ನೇ ಕಂಡಿತು.

ಒಂದು ಕಹಿ ಸತ್ಯವೂ ಇದೆ. ಗೋಧಿ ಮರಳಿ ಕೊಟ್ಟಾಗೆಲ್ಲ ಆ ಮಕ್ಕಳು ನರಳಿದ್ರು. ಉತ್ತರ ಪುಕ್ಕಟೆ ಬರಲಿಲ್ಲ. ಆದರೆ ಆ ಉತ್ತರದಿಂದಲೇ ಇವತ್ತು ಸೀಲಿಯಾಕ್ ಇರೋ ಮಗು ಅನ್ನ, ರಾಗಿ ಮುದ್ದೆ, ಜೋಳದ ರೊಟ್ಟಿ ಧೈರ್ಯವಾಗಿ ತಿನ್ನುತ್ತೆ. ಗೋಧಿ, ಬಾರ್ಲಿ, ರೈ ಬಿಟ್ಟರೆ ಸಾಕು, ಬಾಳೆಹಣ್ಣಿಗೆ ಜೋತು ಬೀಳಬೇಕಿಲ್ಲ. ಗುಟ್ಟು ಸಿಕ್ಕಾಗ ಪಥ್ಯ ಸಣ್ಣದಾಗುತ್ತೆ. ನಮ್ಮ ಫೋನಿನ ಡಯಟ್‌ಗಳಲ್ಲಿ ಪಟ್ಟಿ ದಿನದಿನಕ್ಕೂ ಬೆಳೆಯುತ್ತೆ, ಗಮನಿಸಿದ್ದೀರಾ?

ಕಂತು 8/10: ಮನಸ್ಸೂ ಊಟ ಮಾಡುತ್ತೆ

ತಿರುಗಿ ತಿಂದು ನೋಡಿದ್ರೆ ಮುಗೀತಾ? ಇಲ್ಲ. ಇನ್ನೊಂದು ಮೋಸ ಇದೆ. ಅದು ನಮ್ಮದೇ ತಲೆ. "ಇದು ತಿಂದ್ರೆ ನನಗೆ ಆಗಲ್ಲ" ಅಂತ ನಂಬಿ ತಿಂದ್ರೆ ಹೊಟ್ಟೆ ನಿಜವಾಗಿಯೂ ನೋಯುತ್ತೆ. ನಾಟಕ ಅಲ್ಲ, ನಿಜವಾದ ನೋವೇ.

1976ರಲ್ಲಿ ಅಮೆರಿಕದ ಚಾರ್ಲ್ಸ್ ಮೇ ಅನ್ನೋ ವೈದ್ಯರು ಉಬ್ಬಸದ ಮಕ್ಕಳ ಮೇಲೆ ಮಾಡಿದ ಪರೀಕ್ಷೆ ಪ್ರಕಟಿಸಿದ್ರು. ಅನುಮಾನದ ಆಹಾರವನ್ನು ಒಣಗಿಸಿ ಕ್ಯಾಪ್ಸೂಲಲ್ಲಿ ಅಡಗಿಸಿದ್ರು. ಕೆಲವು ಕ್ಯಾಪ್ಸೂಲಲ್ಲಿ ನಿಜವಾದದ್ದು, ಕೆಲವದರಲ್ಲಿ ಸುಮ್ಮನೆ ಏನೋ. ಯಾವುದು ಯಾವುದು ಅಂತ ಮಗುವಿಗೂ ಗೊತ್ತಿಲ್ಲ, ನೋಡೋ ವೈದ್ಯರಿಗೂ ಗೊತ್ತಿಲ್ಲ. ಅಲರ್ಜಿ ಇದೆ ಅಂತ ಮನೆಯವರು ಹೇಳಿದ್ದರಲ್ಲಿ ಎಷ್ಟೋ ಪರೀಕ್ಷೆಯಲ್ಲಿ ನಿಲ್ಲಲೇ ಇಲ್ಲ.

ಅದೇ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೆನ್ ಫೈನ್‌ಗೋಲ್ಡ್ ಕೃತಕ ಬಣ್ಣ, ಕೃತಕ ಸ್ವಾದ ಬಿಟ್ರೆ ಚಡಪಡಿಸೋ ಮಕ್ಕಳು ಶಾಂತರಾಗ್ತಾರೆ ಅಂದಿದ್ರು. ತಂದೆತಾಯಂದಿರು ಮುಗಿಬಿದ್ರು. ಕಣ್ಣುಕಟ್ಟಿ ಮಾಡಿದ ಪರೀಕ್ಷೆಗಳಲ್ಲಿ ಆ ದೊಡ್ಡ ಫಲ ಕಾಣಲಿಲ್ಲ. ಆದರೂ 2007ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಕೆಲವು ಬಣ್ಣಗಳ ಮಿಶ್ರಣದಿಂದ ಸಣ್ಣ ಪರಿಣಾಮ ಇದೆ ಅಂತ ಕಂಡರು. ಅಂದ್ರೆ ಪೂರ್ತಿ ಸುಳ್ಳೂ ಅಲ್ಲ, ಹೇಳಿದಷ್ಟು ನಿಜವೂ ಅಲ್ಲ.

ನನಗೆ ತುಂಬ ಇಷ್ಟವಾಗಿದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ. ಸೀಲಿಯಾಕ್ ಇಲ್ಲದವರಿಗೂ ಗ್ಲುಟೆನ್ ತೊಂದರೆ ಕೊಡಬಹುದು ಅಂತ 2011ರಲ್ಲಿ ಅವರ ಅಧ್ಯಯನ ಹೇಳಿತ್ತು. ಅವರೇ 2013ರಲ್ಲಿ, "ನನಗೆ ಗ್ಲುಟೆನ್ ಆಗಲ್ಲ" ಅಂತಿದ್ದ 37 ಜನರ ಮೇಲೆ ಇನ್ನೂ ಬಿಗಿಯಾದ ಪರೀಕ್ಷೆ ಮಾಡಿದ್ರು. ಹೊಟ್ಟೇಲಿ ಬೇಗ ಹುಳಿಯೋ ಬೇರೆ ಪದಾರ್ಥಗಳನ್ನು ಮೊದಲೇ ಕಡಿಮೆ ಮಾಡಿ, ಆಮೇಲೆ ಗುಟ್ಟಾಗಿ ಗ್ಲುಟೆನ್ ಕೊಟ್ಟರು. ಗ್ಲುಟೆನ್ನಿಂದಲೇ ಆಗೋ ತೊಂದರೆ ಕಾಣಿಸಲೇ ಇಲ್ಲ. ತಮ್ಮ ಹಳೆಯ ಮಾತಿನ ವಿರುದ್ಧ ಬಂದ ಫಲವನ್ನು ತಾವೇ ಅಚ್ಚು ಹಾಕಿಸಿದ್ರು. ಹಾಸ್ ಮಾಡದೇ ಹೋದ ಕೆಲಸ ಇದು.

ಕಂತು 9/10: ಮೂವತ್ತು ದಿನ, ನಾಲ್ಕು ತಿಂಗಳು

ಆಸ್ಪತ್ರೆಯ ಪ್ರಶ್ನೆ ಮನೆಮನೆಯ ಚಾಲೆಂಜ್ ಆಗಿದ್ದು ಈಚೆಗೆ. 2009ರಲ್ಲಿ ಅಮೆರಿಕದಲ್ಲಿ ಶುರುವಾದ 'ಹೋಲ್ 30' ಅದರಲ್ಲಿ ಹೆಸರುವಾಸಿ. 30 ದಿನ ಸಕ್ಕರೆ, ಧಾನ್ಯ, ಬೇಳೆಕಾಳು, ಹಾಲು, ಮದ್ಯ ಬಂದ್. ನಮ್ಮಂಥ ಸಸ್ಯಾಹಾರಿ ಮನೇಲಿ ಅದನ್ನು ಮಾಡಿದ್ರೆ ತಟ್ಟೇಲಿ ಉಳಿಯೋದು ಪಲ್ಯ, ತೆಂಗಿನಕಾಯಿ, ಮತ್ತೆ ತಟ್ಟೆ. ನ್ಯಾಯವಾಗಿ ಹೇಳಬೇಕು: ಅದರ ನಿಯಮದಲ್ಲೂ ತಿರುಗಿ ತಿಂದು ನೋಡೋ ಹಂತ ಇದೆ. ಅದನ್ನು ಕತ್ತರಿಸಿದ್ದು ನಮ್ಮ ಆತುರ.

ಮೊನಾಶ್ ತಂಡ 2005ರಿಂದ ಬೆಳೆಸಿದ ಪಥ್ಯವೂ ಮೂರು ಹಂತದ್ದೇ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಕೆಲವು ಕಾಳು, ಹಾಲು ಇಂಥವನ್ನು ಎರಡರಿಂದ ಆರು ವಾರ ಕಡಿಮೆ ಮಾಡೋದು. ಆಮೇಲೆ ಒಂದೊಂದಾಗಿ ತರೋದು. ಕೊನೆಗೆ ನಿಮಗೆ ಆಗದ್ದನ್ನು ಮಾತ್ರ, ಆಗದಷ್ಟು ಮಾತ್ರ, ಬಿಡೋದು.

ಬಿಟ್ಟು ಇರೋದು ನಮಗೆ ಹೊಸದೇನಲ್ಲ. ನನ್ನ ರೂಮ್‌ಮೇಟ್ ಉಡುಪಿ ಕಡೆಯವನು. ಅವನ ಅಜ್ಜಿ ಪ್ರತಿ ವರ್ಷ ಚಾತುರ್ಮಾಸ್ಯ ಹಿಡೀತಾರೆ. ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು: ಮೊದಲು ಶಾಕವ್ರತ, ತರಕಾರಿ ಇಲ್ಲ. ಆಮೇಲೆ ದಧಿವ್ರತ, ಮೊಸರಿಲ್ಲ. ಕ್ಷೀರವ್ರತ, ಹಾಲಿಲ್ಲ. ಕೊನೆಗೆ ದ್ವಿದಳವ್ರತ, ಬೇಳೆ ಇಲ್ಲ. ಅದು ಭಕ್ತಿಯ ನೇಮ, ವೈದ್ಯರ ಪರೀಕ್ಷೆ ಅಲ್ಲ. ಎರಡನ್ನೂ ಬೆರೆಸಿ "ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು" ಅನ್ನೋದು ಬೇಡ. ಆದರೆ ಅಜ್ಜಿಯ ಕ್ರಮ ನೋಡಿ: ಒಂದು ತಿಂಗಳಿಗೆ ಒಂದೇ ವ್ರತ, ಮುಗಿಯೋ ದಿನ ಗೊತ್ತು, ಮುಗಿದ ಮೇಲೆ ಬಿಟ್ಟದ್ದು ಎಲೆಗೆ ಮರಳಿ ಬರುತ್ತೆ. ಯಾವ ಪದಾರ್ಥವನ್ನೂ ಅಜ್ಜಿ ವಿಷ ಅಂದಿಲ್ಲ.

ಸುಮ್ಮನೆ ಬಿಟ್ಟೇ ಇರೋದಕ್ಕೂ ಬೆಲೆ ಇದೆ. ಅಲರ್ಜಿಯ ಅಪಾಯ ಹೆಚ್ಚಿದ್ದ ಪುಟ್ಟ ಮಕ್ಕಳಿಗೆ ಮೂರು ವರ್ಷದವರೆಗೆ ಶೇಂಗಾ ಕೊಡಬೇಡಿ ಅಂತ ಹಿಂದೆ ಬ್ರಿಟನ್, ಅಮೆರಿಕದಲ್ಲಿ ಸಲಹೆ ಇತ್ತು. 2015ರಲ್ಲಿ ಲಂಡನ್ನಿನ ಅಧ್ಯಯನ ಉಲ್ಟಾ ತೋರಿಸಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಕೂಸುಗಳಲ್ಲಿ, ಚಿಕ್ಕಂದಿನಿಂದ ಶೇಂಗಾ ತಿಂದವರಿಗೇ ಅಲರ್ಜಿ ಬಹಳ ಕಡಿಮೆ ಬಂತು.

ಕಂತು 10/10: ಲೋಟದ ತಳದ ಗುರುತು

ಕೊನೆಗೆ ನನ್ನ ಹೊಟ್ಟೆಯ ಕತೆ.

ಹಬ್ಬ ಮುಗಿದ ಮೇಲೆ ಊರಿನ ಡಾಕ್ಟರ ಹತ್ತಿರ ಹೋದೆ. ಎಲ್ಲ ಕೇಳಿ ಅವರು ಅಂದ್ರು: "ಸೀಲಿಯಾಕ್ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಬಹುದು. ಆದರೆ ನೀನು ಗೋಧಿ ಬಿಟ್ಟಿದ್ದೀಯಲ್ಲ, ಈಗ ಮಾಡಿದ್ರೆ ಇದ್ರೂ ಇಲ್ಲ ಅಂತ ಬರಬಹುದು." ದಯವಿಟ್ಟು ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ. ಆ ಪರೀಕ್ಷೆ ನೋಡೋದು ಗ್ಲುಟೆನ್ ವಿರುದ್ಧ ಮೈ ಹೋರಾಡ್ತಿರೋ ಗುರುತನ್ನು. ಗೋಧಿ ಬಿಟ್ಟು ಕೆಲವು ತಿಂಗಳಾದ್ರೆ ಗುರುತು ಅಳಿಸುತ್ತೆ. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ನಾನು ಉಲ್ಟಾ ಮಾಡಿದ್ದೆ. ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಕಡಿಮೆ (2016ರ ಅಧ್ಯಯನದಲ್ಲಿ ಉತ್ತರದಲ್ಲಿ ನೂರಕ್ಕೆ ಒಬ್ಬರ ಆಸುಪಾಸು, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರು), ಆದರೆ ಆ ಒಬ್ಬರು ನೀವೇ ಆಗಿರಬಹುದು.

ಮೊದಲು ಬೇಳೆ ವಾಪಸ್ ತಂದೆ. ಒಂದು ವಾರ, ಏನೂ ಆಗಲಿಲ್ಲ. ಆಮೇಲೆ ಆರು ವಾರ ದಿನಾ ಎರಡು ಹೊತ್ತು ಗೋಧಿ. ಮೆಸ್ಸಿನ ಚಪಾತಿಯೇ. ಭಟ್ಟರು ಒಂದೂ ಮಾತಾಡದೆ ತಟ್ಟೆಗೆ ಹಾಕಿದ್ರು, ಮುಖ ಮಾತ್ರ ನಗ್ತಿತ್ತು. ಹೊಟ್ಟೆಗೆ ಏನೂ ಆಗಲಿಲ್ಲ. ರಕ್ತ ಪರೀಕ್ಷೆಯಲ್ಲೂ ಏನೂ ಇಲ್ಲ. ನಾನು ವಿಷ ಅಂದಿದ್ದ ಗೋಧಿ ನಿರಪರಾಧಿ.

ಆಮೇಲೆ ಸಕ್ಕರೆ ಬಂತು, ಅದೂ ಸುಮ್ಮನಿತ್ತು. ಉಳಿದದ್ದು ಹಾಲು. ರಜೆಯಲ್ಲಿ ತಂಗಿ ತಾನೇ ವಿಜ್ಞಾನಿಯಾದಳು. ಲ್ಯಾಕ್ಟೋಸ್ ತೆಗೆದ ಹಾಲು, ಮಾಮೂಲಿ ಹಾಲು, ಎರಡನ್ನೂ ತಂದು ರುಚಿ ಗೊತ್ತಾಗದಿರಲಿ ಅಂತ ರಾಗಿ ಮಾಲ್ಟ್ ಮಾಡಿದಳು. ಲೋಟದ ತಳಕ್ಕೆ ಒಂದು ಗುರುತು. ದಿನ ಬಿಟ್ಟು ದಿನ, ಆರು ಸಲ. ಮೂರು ಸಲ ಗುಡುಗುಡು. ಪುಸ್ತಕ ತೆಗೆದು ನೋಡಿದ್ರೆ ಮೂರೂ ಮಾಮೂಲಿ ಹಾಲು. ಈಗ ದೊಡ್ಡ ಲೋಟ ಹಾಲು ಕುಡಿಯಲ್ಲ. ಕಾಫಿಯ ಹಾಲು ನಡೆಯುತ್ತೆ, ಮೊಸರಂತೂ ಆರಾಮ. ನಾಲ್ಕು ಪದಾರ್ಥದ ಪಟ್ಟಿ ಅರ್ಧ ಪದಾರ್ಥಕ್ಕೆ ಇಳೀತು.

ನೀವೂ ಮಾಡೋದಾದ್ರೆ ಇಷ್ಟು ಮಾತ್ರ. ಮುಗಿಯೋ ತಾರೀಕು ಮೊದಲೇ ಬರೆದಿಡಿ. ಒಂದೊಂದೇ ವಾಪಸ್ ತನ್ನಿ, ನಡುವೆ ಮೂರು ದಿನ ಬಿಡಿ. ಡೈರಿ ಇಡಿ. ತೂಕ ಇಳೀತಿದ್ರೆ, ಮಲದಲ್ಲಿ ರಕ್ತ ಕಂಡ್ರೆ ನೇರ ಡಾಕ್ಟರ ಹತ್ತಿರ. ಯಾವುದಾದ್ರೂ ತಿಂದಾಗ ತುಟಿ ಊದಿದ್ದು, ಉಸಿರು ಕಟ್ಟಿದ್ದು ಇದ್ರೆ ಅದನ್ನು ಮನೇಲಿ ತಿಂದು ನೋಡಲೇಬೇಡಿ. ಊಟ ಅಂದ್ರೇ ಭಯ ಅನ್ನೋ ಸ್ಥಿತಿ ನಿಮ್ಮದಾಗಿದ್ರೆ ಈ ಪಥ್ಯ ನಿಮಗಲ್ಲ, ನಿಮಗೆ ಬೇಕಾಗಿರೋದು ಮಾತಾಡೋಕೆ ಒಬ್ಬರು.

ಈ ವರ್ಷ ಗೌರಿ ಹಬ್ಬಕ್ಕೆ ಅಮ್ಮ ಮತ್ತೆ ಶ್ಯಾವಿಗೆ ಪಾಯಸ ಮಾಡಿದ್ರು. ತೆಂಗಿನಕಾಯಿ ಹಾಲಲ್ಲಿ. ಬೇಡ ಅನ್ನಲಿಲ್ಲ. ಎರಡನೇ ಸಲ ಬಡಿಸೋವಾಗ ಸೌಟು ನನ್ನ ಕೈಯಲ್ಲೇ ಇತ್ತು.

ಮೆಸ್ಸಲ್ಲಿ ಚಪಾತಿಗೆ ಬೈಯ್ಯೋ ಗೆಳೆಯ ನಿಮಗೂ ಒಬ್ಬ ಇದ್ದೇ ಇರ್ತಾನೆ. ಕಳಿಸಿ ಅವನಿಗೆ.

#ಪಥ್ಯದಕತೆ #ಇತಿಹಾಸದಕಂತು #ಹಾಸ್ಟೆಲ್‌ಊಟ